ನೀಲಿ ಉಳಿದ ಗುಳಿ

ಕಿಲ್ಬರ್ನ್, ಅಡಿಲೇಡ್
10 ಜೂನ್ 2025

ಗೌರಿ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡುವ ಹಾಗಿಲ್ಲ. ಭಾವನಾಳ ರಕ್ತದಲ್ಲಿ ಯೀಸ್ಟ್ ಬೆಳೆದಿದೆಯಂತೆ. ಬೆಳಿಗ್ಗೆ ಡಾಕ್ಟರಮ್ಮ ಬಂದು ಹೇಳಿ ಹೋದರು. ರಕ್ತದಲ್ಲಿ ಯೀಸ್ಟ್ ಯಾಕೆ ಬರುತ್ತದೆ? ನೀನು ಅಲ್ಲಿ ಬ್ರಿಸ್ಬೇನಿನ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಇದನ್ನೇ ತಾನೇ ನೋಡುತ್ತಿರುವುದು? ನನಗೆ ತಿಳಿಯುವ ಹಾಗೆ ಬರೆ.

ಫೋನ್ ಬೇಡ. ನಿನ್ನ ಗೃಹಪ್ರವೇಶದ ದಿನ ನನ್ನ ಸೂಟ್‌ಕೇಸ್ ತೆಗೆದು, ಒಂದೊಂದೇ ಔಷಧಿ ಎತ್ತಿ ಹಿಡಿದು, "ನೋಡ್ರೀ, ನಮ್ಮಕ್ಕ ಮೆಡಿಕಲ್ ಶಾಪೇ ಹೊತ್ಕೊಂಡು ಓಡಾಡ್ತಾಳೆ" ಎಂದು ಬಂದವರನ್ನೆಲ್ಲ ನಗಿಸಿದೆಯಲ್ಲ, ಅವತ್ತಿನಿಂದ ನಿನ್ನ ದನಿ ಕೇಳಿದರೆ ನನಗೆ ಮೈ ಉರಿಯುತ್ತದೆ. ಬರೆದರೆ ಅಷ್ಟು ಉರಿಯುವುದಿಲ್ಲ.

ಕರುಳಿನ ಒಂದು ತುಂಡು ತೆಗೆದ ಮೇಲೆ ಮಗಳಿಗೆ ಬಾಯಲ್ಲಿ ಊಟವಿಲ್ಲ. ಎದೆಯ ಹತ್ತಿರ ಒಂದು ಕೊಳವೆ ಹಾಕಿ, ಹಾಲಿನಂಥದ್ದೇನನ್ನೋ ನೇರವಾಗಿ ರಕ್ತಕ್ಕೆ ಬಿಡುತ್ತಾರೆ. ಅದೇ ಅವಳ ಊಟ. ಬಾಯಿ ಒಣಗಿದರೆ ಎರಡು ಚಮಚ ನೀರು ಕೊಡಬಹುದು. ಇದರ ಜೊತೆಗೆ ಭೇದಿ ಬೇರೆ. ಹುಡುಗಿ ಅರ್ಧ ಆಗಿದ್ದಾಳೆ. ಅಳಿಯ ತೇಜಸನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್, ಹಗಲೆಲ್ಲ ನಾನೇ. ಆ ಮಷಿನ್ ಹತ್ತು ನಿಮಿಷಕ್ಕೊಮ್ಮೆ ಕುಯ್ಯೋ ಎನ್ನುತ್ತದೆ, ನರ್ಸ್ ಬರುವುದು ತಡ. ಕೊಳವೆ ಮಡಿಸಿಕೊಂಡಿರುತ್ತದೆ ಅಷ್ಟೇ, ಈಗ ನಾನೇ ಬಿಡಿಸಿ ಸರಿಮಾಡಿ ಬಿಡುತ್ತೇನೆ.

ಹೊರಗಿನಿಂದ ಏನಾದರೂ ಕೊಟ್ಟಿದ್ದೀರಾ ಎಂದು ಡಾಕ್ಟರಮ್ಮ ಕೇಳಿದರು. ಇಲ್ಲ ಅಂದೆ. ಇಲ್ಲಿಯವರಿಗೆ ಎಲ್ಲಕ್ಕೂ ರೂಲ್ಸು, ಒಂದು ಮಾತು ಹೆಚ್ಚು ಕಡಿಮೆಯಾದರೆ ವಾರ್ಡಿಗೇ ಬರಬೇಡಿ ಅಂದುಬಿಟ್ಟಾರು. ನಿನ್ನ ಭಾವ ಪರ್ತ್‌ನ ನಮ್ಮ ಮನೆಯಲ್ಲಿ ಒಬ್ಬರೇ. ಮೋರ್ಲಿಯ ಮಾಲ್‌ನಲ್ಲಿ ವಾಕಿಂಗ್ ಮಾಡಿ ಅಲ್ಲೇ ಏನೋ ತಿಂದು ಮನೆಗೆ ಬರುತ್ತಾರಂತೆ. ಅವರ ಚಿಂತೆ ನನಗೆ ಈಗ ಇಲ್ಲ.

ಬೇಗ ಬರೆ.

ಅಕ್ಕ,
ಜಯಮಾಲಾ


ಫೋರ್ಟಿಟ್ಯೂಡ್ ವ್ಯಾಲಿ, ಬ್ರಿಸ್ಬೇನ್
11 ಜೂನ್ 2025

ಅಕ್ಕ,

ಹೆದರಿಸುವುದಿಲ್ಲ, ಸುಳ್ಳು ಸಮಾಧಾನವನ್ನೂ ಹೇಳುವುದಿಲ್ಲ. ರಕ್ತದಲ್ಲಿ ಯೀಸ್ಟ್ ಇರುವುದು ಸಣ್ಣ ವಿಷಯವಲ್ಲ. ಸರಿಯಾದ ಔಷಧಿ ಬೇಗ ಸಿಕ್ಕರೆ ವಾಸಿಯಾಗುತ್ತದೆ. ತಡವಾದರೆ ಜೀವಕ್ಕೆ ಅಪಾಯ. ಭಾವನಾ ನನಗೂ ಮೆಸೇಜ್ ಮಾಡಿದ್ದಾಳೆ, ನನ್ನ ವಿಷಯ ಏನಿದ್ದರೂ ಅಮ್ಮನಿಗೆ ಹೇಳಿ ಎಂದು. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಆಗಲೇ ಒಂದು ಔಷಧಿ ಶುರುಮಾಡಿರುತ್ತಾರೆ. ಅದು ಈ ಯೀಸ್ಟಿಗೆ ನಾಟುತ್ತದೋ ಇಲ್ಲವೋ ಎಂದು ನೋಡುವುದೇ ನನ್ನ ಕೆಲಸ. ನಿನಗೆ ಪಡ್ಡಿನ ಕಾವಲಿ ಗೊತ್ತಲ್ಲ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಅಂಥದ್ದೇ ಪುಟ್ಟ ಪುಟ್ಟ ಗುಳಿಗಳು, ಸಾಲು ಸಾಲಾಗಿ. ಒಂದೊಂದು ಸಾಲಿಗೆ ಒಂದೊಂದು ಔಷಧಿ. ಮೊದಲ ಗುಳಿಯಲ್ಲಿ ಚೂರೇ ಚೂರು, ಪಕ್ಕದ್ದರಲ್ಲಿ ಅದರ ಎರಡರಷ್ಟು, ಅದರ ಪಕ್ಕ ಇನ್ನೂ ಎರಡರಷ್ಟು, ಹೀಗೆ. ರೋಗಿಯ ಯೀಸ್ಟನ್ನು ಹದವಾಗಿ ಕದಡಿ ಎಲ್ಲ ಗುಳಿಗೂ ಒಂದೇ ಅಳತೆಯಲ್ಲಿ ಹಾಕಿ, ಒಂದು ದಿನ ಬೆಚ್ಚಗಿಡುತ್ತೇವೆ. ಮೊದಲು ಎಲ್ಲ ಗುಳಿಯೂ ನೀಲಿ. ಯೀಸ್ಟ್ ಬೆಳೆದದ್ದು ಗುಲಾಬಿಯಾಗುತ್ತದೆ. ಔಷಧಿ ತಡೆದದ್ದು ನೀಲಿಯಾಗಿಯೇ ಉಳಿಯುತ್ತದೆ. ಸಾಲಿನಲ್ಲಿ ಮೊದಲು ನೀಲಿ ಉಳಿದ ಗುಳಿ ಯಾವುದೋ, ಆ ಯೀಸ್ಟಿಗೆ ಅಷ್ಟು ಔಷಧಿ ಸಾಕು ಎಂದರ್ಥ. ಸಾಲಿನ ಕೊನೆಯವರೆಗೂ ಗುಲಾಬಿಯೇ ಇದ್ದರೆ ಆ ಔಷಧಿಯನ್ನು ಮರೆಯಬೇಕು.

ಅಡಿಲೇಡಿನವರು ಈ ಯೀಸ್ಟನ್ನು ನಮ್ಮ ಲ್ಯಾಬಿಗೇ ಕಳಿಸುತ್ತಿದ್ದಾರೆ. ಆದರೆ ಆ ತಟ್ಟೆಯ ಬಣ್ಣವನ್ನು ನಾನು ಓದುವುದಿಲ್ಲ, ನನ್ನ ಜೊತೆ ಕೆಲಸ ಮಾಡುವ ಉತ್ತಮ್ ಓದುತ್ತಾನೆ. ಕೋಪ ಮಾಡಿಕೊಳ್ಳಬೇಡ. ಎಷ್ಟೋ ಸಲ ನೀಲಿಯೂ ಅಲ್ಲದ ಗುಲಾಬಿಯೂ ಅಲ್ಲದ ನೇರಳೆ ಬರುತ್ತದೆ. ಹೀಗೇ ಬರಲಿ ಎನ್ನುವ ಆಸೆ ಇದ್ದವರ ಕಣ್ಣಿಗೆ ನೇರಳೆ ನೀಲಿಯಾಗಿ ಕಾಣುತ್ತದೆ. ನನಗೆ ಆ ಆಸೆ ಬೇಕಾದಷ್ಟಿದೆ.

ಕೊಳವೆಯನ್ನು ಮಾತ್ರ ನೀನು ಮುಟ್ಟಬೇಡ. ಮಷಿನ್ ಕೂಗಿದರೆ ಕೂಗಲಿ, ನರ್ಸ್ ಬರಲಿ.

ಗೌರಿ


ಕಿಲ್ಬರ್ನ್
15 ಜೂನ್ 2025

ಗೌರಿ,

ನಿನ್ನ ಪಡ್ಡಿನ ಕಾವಲಿ ಇನ್ನೂ ಬೇಯಲಿಲ್ಲವೇನೇ? ಜ್ವರ ಇಳಿದಿಲ್ಲ. ನಿನ್ನೆ ಔಷಧಿ ಬದಲಾಯಿಸಿದರು. ಹೊಸದು ಹಾಕಿದಾಗ ಹುಡುಗಿ ಗಡಗಡ ನಡುಗಿದಳು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. "ಅಮ್ಮಾ, ನಾನು ಸತ್ತೋಗ್ತೀನಾ?" ಎಂದು ಕೇಳಿದಳು. "ಬಾಯಿ ಮುಚ್ಚು" ಎಂದು ಬೈದೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಎದೆಯ ಕೊಳವೆ ತೆಗೆಯಬೇಕು ಎನ್ನುತ್ತಾರೆ. ಆದರೆ ಅವಳ ನರಗಳು ಸಿಗುವುದಿಲ್ಲ, ತೆಗೆದರೆ ಊಟ ಹೇಗೆ ಎಂದೂ ಅವರೇ ಹೇಳುತ್ತಾರೆ. ನಿಮ್ಮ ಲ್ಯಾಬಿನ ಉತ್ತರ ಬರಲಿ, ನೋಡೋಣ ಎಂದು ಕೂತಿದ್ದಾರೆ. ಔಷಧಿಯೇ ನಾಟುತ್ತಿಲ್ಲವೋ, ಬೇರೆ ಏನೋ ಎಂದು ಅವರಿಗೂ ಗೊತ್ತಾಗುತ್ತಿಲ್ಲ.

ಇವತ್ತು ಮತ್ತೆ ಕೇಳಿದರು, ಮನೆಯಿಂದ ಪೌಡರ್ ಕ್ಯಾಪ್ಸೂಲ್ ಏನಾದರೂ ಕೊಟ್ಟಿದ್ದೀರಾ ಎಂದು. ಒಂದೇ ಪ್ರಶ್ನೆ ಎರಡೆರಡು ಸಲ ಕೇಳುವುದು ಎಂದರೆ ಏನು, ನಾನೇನು ಕಳ್ಳಿಯೇ? "ನೋ, ನೋ" ಅಂದುಬಿಟ್ಟೆ. ಭಾವನಾ ಜ್ವರದ ಮಂಪರಿನಲ್ಲಿ ಮಲಗಿದ್ದಳು. ತಾಯಿಯಾದವಳು ಮಗಳಿಗೆ ಕೆಟ್ಟದ್ದು ಕೊಡುತ್ತಾಳೆಯೇ? ನೀನೇ ಹೇಳು.

ನಿನ್ನ ಲ್ಯಾಬಿನ ಹುಡುಗನಿಗೆ ಬೇಗ ಓದಲು ಹೇಳು.

ಜಯಮಾಲಾ


ಫೋರ್ಟಿಟ್ಯೂಡ್ ವ್ಯಾಲಿ
17 ಜೂನ್ 2025

ಅಕ್ಕ,

ಎರಡು ಸಲ ಫೋನ್ ಮಾಡಿದೆ, ನೀನು ನನ್ನ ಹೆಸರು ನೋಡಿ ಕಟ್ ಮಾಡಿದೆ. ತೇಜಸ ಡ್ಯೂಟಿಯಲ್ಲಿ ಫೋನ್ ಎತ್ತುವುದಿಲ್ಲ. ಅದಕ್ಕೇ ಈ ಇಮೇಲ್. ಓದುವಾಗ ಭಾವನಾಳ ಕೋಣೆಯಿಂದ ಹೊರಗೆ ಬಾ.

ತಟ್ಟೆ ಓದಿ ಆಯಿತು. ಅವಳಿಗೆ ಮೊದಲು ಕೊಟ್ಟ ಔಷಧಿಯ ಸಾಲಿನಲ್ಲಿ ನೀಲಿ ಬೇಗ ಸಿಕ್ಕಿದೆ. ಈಗ ಕೊಡುತ್ತಿರುವುದರಲ್ಲೂ ಹಾಗೆಯೇ. ಉತ್ತಮ್ ಓದಿದ, ಇನ್ನೊಬ್ಬರು ಬೇರೆಯಾಗಿ ಓದಿದರು, ಇಬ್ಬರದ್ದೂ ಒಂದೇ. ಈ ಜಾತಿಯ ಯೀಸ್ಟಿಗೆ ಇಷ್ಟು ಬಂದರೆ ವಾಸಿ, ಇಷ್ಟು ಬಂದರೆ ಇಲ್ಲ ಎಂದು ಹೇಳುವ ಪಟ್ಟಿ ನಮ್ಮಲ್ಲಿಲ್ಲ. ಇದು ರಕ್ತಕ್ಕೆ ಬರುವುದು ಅಷ್ಟು ಅಪರೂಪ. ಆದರೂ ಅನುಭವದ ಮೇಲೆ ಹೇಳುವುದಾದರೆ ಔಷಧಿ ಅದನ್ನು ತಡೆಯಬೇಕಿತ್ತು. ಜ್ವರ ಇಳಿಯಬೇಕಿತ್ತು. ಇಳಿದಿಲ್ಲ ಎಂದರೆ ಅದು ಹೊರಗಿನಿಂದ ಮತ್ತೆ ಮತ್ತೆ ಒಳಗೆ ಹೋಗುತ್ತಿದೆ.

ಇದು ಬ್ರೆಡ್ ಉಬ್ಬಿಸುವ ಯೀಸ್ಟಿನ ಜಾತಿ. ಇದು ಪುಡಿಯಾಗಿಯೂ ಬರುತ್ತದೆ. ಭೇದಿಗೆ ಎಂದು ನಮ್ಮ ಊರಿನ ಮೆಡಿಕಲ್ ಶಾಪುಗಳಲ್ಲಿ ಕೊಡುವ ಸಣ್ಣ ಪ್ಯಾಕೆಟ್ಟು. ಒಳಗಿರುವುದು ಜೀವಂತ ಯೀಸ್ಟ್. ಸಾಧಾರಣ ಜನ ನೀರಿಗೆ ಹಾಕಿ ಕುಡಿದರೆ ಏನೂ ಆಗುವುದಿಲ್ಲ. ಆದರೆ ಪ್ಯಾಕೆಟ್ ಹರಿದಾಗ ಪುಡಿ ಹಾರುತ್ತದೆ, ಬೆರಳಿಗೆ ಮೆತ್ತಿಕೊಳ್ಳುತ್ತದೆ. ಆ ಬೆರಳು ಕೊಳವೆಯನ್ನು ಮುಟ್ಟಿದರೆ ಅಲ್ಲಿಂದ ಸೀದಾ ರಕ್ತ.

ನನ್ನ ಗೃಹಪ್ರವೇಶದ ದಿನ ನಾನು ಎತ್ತಿ ತೋರಿಸಿದ್ದರಲ್ಲಿ ಆ ಪ್ಯಾಕೆಟ್ಟೂ ಇತ್ತು. ಕೊಟ್ಟಿದ್ದೀಯಾ ಎಂದು ನಾನು ಕೇಳುತ್ತಿಲ್ಲ.

ನನ್ನ ಅನುಮಾನವನ್ನು ನಮ್ಮ ಡಾಕ್ಟರಿಗೆ ಹೇಳಿದ್ದೇನೆ. ಇನ್ನೊಂದು ಗಂಟೆಯೊಳಗೆ ಅವರು ನಿಮ್ಮ ವಾರ್ಡಿಗೆ ಫೋನ್ ಮಾಡುತ್ತಾರೆ. ಅದನ್ನು ನಿಲ್ಲಿಸುವುದು ನನ್ನಿಂದಾಗುವುದಿಲ್ಲ, ನಿಲ್ಲಿಸುವುದೂ ಇಲ್ಲ. ಅಷ್ಟರೊಳಗೆ ನೀನೇ ಹೋಗಿ ಹೇಳು ಅಕ್ಕ. ಉಳಿದ ಪ್ಯಾಕೆಟ್ಟುಗಳನ್ನು ಒಂದು ಕವರಿನಲ್ಲಿ ಹಾಕಿ ಕಟ್ಟು. ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದುಕೊ. ಆಮೇಲೆ ಹೋಗು.

ಬೈಯುವುದಿದ್ದರೆ ನಾಳೆ ಬೈ.

ಗೌರಿ


ಕಿಲ್ಬರ್ನ್
18 ಜೂನ್ 2025

ಗೌರಿ,

ಹೇಳಿದೆ. ನಿಮ್ಮ ಡಾಕ್ಟರ ಫೋನ್ ಬರುವ ಮೊದಲೇ ಹೇಳಿದೆ.

ಕಾರಿಡಾರಿನಲ್ಲಿ ನಿಂತು ನಿನ್ನ ಇಮೇಲ್ ಓದಿದೆ. ಹಂಗೇ ಸಿಂಕಿಗೆ ಹೋಗಿ ನೀನು ಹೇಳಿದ ಹಾಗೆ ಮೊಣಕೈವರೆಗೆ ತೊಳೆದೆ. ಡಾಕ್ಟರಮ್ಮ ಕಂಪ್ಯೂಟರ್ ಮುಂದೆ ಕೂತಿದ್ದರು. ಕವರ್ ಮುಂದಿಟ್ಟು, "ಐ ಗೇವ್. ಟೂ ಟೈಮ್ಸ್ ಡೈಲಿ. ಐ ಟಚ್ ದಿ ಟ್ಯೂಬ್ ಆಲ್ಸೋ. ಐ ಟೋಲ್ಡ್ ಲೈ" ಅಂದೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಅವರು ಎದ್ದು ನಿಂತು ಥ್ಯಾಂಕ್ಯೂ ಅಂದರು. ನನಗೆ ಬೈದಿದ್ದರೇ ವಾಸಿಯಿತ್ತು.

ಅದೇ ಮಧ್ಯಾಹ್ನ ಕೊಳವೆ ತೆಗೆದರು. ಬೇರೆ ಕೋಣೆಗೆ ಹಾಕಿದ್ದಾರೆ. ಕೈಯ ನರ ಹುಡುಕಿ ಚುಚ್ಚಿ ಚುಚ್ಚಿ ಕೊನೆಗೆ ಒಂದು ಸಿಕ್ಕಿತು, ಅದರಲ್ಲಿ ಔಷಧಿ ಹೋಗುತ್ತಿದೆ.

ಈಗ ಬೈಗುಳ. ನಾನು ಯಾಕೆ ಹೇಳಲಿಲ್ಲ ಗೊತ್ತೇ? ನಿನ್ನ ಮನೆಯಲ್ಲಿ ಅಷ್ಟು ಜನ ನಕ್ಕರಲ್ಲ, ಆ ನಗು ನನ್ನ ಕಿವಿಯಲ್ಲಿತ್ತು. ಇಲ್ಲಿಯೂ ನಗುತ್ತಾರೆ, ಓದು ಬರದ ಇಂಡಿಯನ್ ಮುದುಕಿ ಎನ್ನುತ್ತಾರೆ, ಹೊರಗೆ ಹಾಕುತ್ತಾರೆ ಎಂದುಕೊಂಡೆ. ಭಾವನಾ ಎರಡು ವರ್ಷದ ಮಗುವಾಗಿದ್ದಾಗಿನಿಂದ ಹೊಟ್ಟೆ ಕೆಟ್ಟರೆ ಆ ಪುಡಿಯೇ ಕೊಟ್ಟಿರುವುದು. ಮೈಸೂರಿನ ನಮ್ಮ ಡಾಕ್ಟರೇ ಬರೆದುಕೊಟ್ಟದ್ದು. ನನ್ನ ಕೈಯಿಂದ ವಾಸಿಯಾಗುತ್ತಿದ್ದ ಹುಡುಗಿ ಅವಳು. ಇರಲಿ. ಸುಳ್ಳು ಹೇಳಿದ್ದು ನಾನು, ನೀನಲ್ಲ.

ಒಂದು ಕೆಲಸ ಮಾಡು. ಆ ಪ್ಯಾಕೆಟ್ಟುಗಳನ್ನು ಡಾಕ್ಟರಮ್ಮ ನಿಮ್ಮ ಲ್ಯಾಬಿಗೆ ಕಳಿಸುತ್ತಾರಂತೆ, ಪುಡಿಯ ಯೀಸ್ಟೂ ರಕ್ತದ್ದೂ ಒಂದೇನಾ ಎಂದು ನೋಡಲು. ಬೇರೆ ಬೇರೆ ಎಂದು ಬರಲಿ ಎಂದು ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದೇನೆ. ಏನು ಬಂದರೂ ನೀನೇ ಬರೆ. ಬೇರೆಯವರ ಬಾಯಿಂದ ಕೇಳುವುದು ಬೇಡ.

ಜಯಮಾಲಾ


ಫೋರ್ಟಿಟ್ಯೂಡ್ ವ್ಯಾಲಿ
9 ಜುಲೈ 2025

ಅಕ್ಕ,

ಭಾವನಾಳ ಜ್ವರ ಇಳಿದು, ರಕ್ತದಲ್ಲಿ ಏನೂ ಬೆಳೆಯುತ್ತಿಲ್ಲ ಎಂದು ತೇಜಸ ಹೇಳಿದ. ಗಂಜಿ ಕುಡಿಯುತ್ತಿದ್ದಾಳಂತೆ. ನನಗೆ ಆದ ಸಂತೋಷಕ್ಕೆ ಲ್ಯಾಬಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದೆ. ನಾನು ಯಾರಿಗೂ ಕಾಫಿ ಕೊಡಿಸುವವಳಲ್ಲ ಎಂದು ನಿನಗೆ ಗೊತ್ತು.

ಇನ್ನು ನೀನು ಕೇಳಿದ್ದು. ಪ್ಯಾಕೆಟ್ಟಿನ ಯೀಸ್ಟನ್ನೂ ರಕ್ತದ ಯೀಸ್ಟನ್ನೂ ಅಕ್ಕಪಕ್ಕದ ತಟ್ಟೆಗಳಲ್ಲಿ ಹಾಕಿದರು. ಪ್ರತಿ ಸಾಲಿನಲ್ಲೂ ನೀಲಿ ಉಳಿದದ್ದು ಅದೇ ಗುಳಿ. ಅಷ್ಟರಿಂದಲೇ ಎರಡೂ ಒಂದು ಎನ್ನಲಾಗದು, ಬೇರೆ ಬೇರೆ ಯೀಸ್ಟುಗಳೂ ಒಮ್ಮೊಮ್ಮೆ ಹಾಗೆ ಹೊಂದಿಕೊಳ್ಳುತ್ತವೆ. ನಾನೂ ಅದನ್ನೇ ಹಿಡಿದುಕೊಂಡು ಕಾಯುತ್ತಿದ್ದೆ. ಆಮೇಲೆ ಜೀನ್ ಹೋಲಿಸಿ ನೋಡಿದರು. ಇವತ್ತು ಬಂತು.

ಎರಡೂ ಒಂದೇ, ಅಕ್ಕ.

ಬೇರೆ ಎಂದು ಬರೆಯಬಹುದಿತ್ತು, ನಿನಗೆ ಗೊತ್ತಾಗುತ್ತಿರಲಿಲ್ಲ. ನೀನು ಆ ದಿನ ಕವರ್ ಹಿಡಿದುಕೊಂಡು ಹೋಗಿ ನಿಜ ಹೇಳಿದವಳು. ನಿನಗೆ ಸುಳ್ಳು ಬರೆಯಲು ನನಗೆ ಮನಸ್ಸಾಗಲಿಲ್ಲ. ಕೊಳವೆ ಇನ್ನೂ ಕೆಲವು ದಿನ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಬರೆಯುವುದಿಲ್ಲ. ಅದನ್ನು ತೆಗೆದದ್ದು ನಿನ್ನ ಮಾತಿನಿಂದ. ಅದನ್ನೂ ನೆನಪಿಟ್ಟುಕೊ.

ಗೌರಿ


ಕಿಲ್ಬರ್ನ್
28 ಜುಲೈ 2025

ಚಿಕ್ಕಮ್ಮಾ,

ಮನೆಗೆ ಬಂದು ಎರಡು ವಾರ ಆಯ್ತು. ಹೊಲಿಗೆ ಸ್ವಲ್ಪ ಎಳೆಯುತ್ತೆ, ಬೇರೆಲ್ಲ ಫೈನ್. ನೀವು ಅಮ್ಮನಿಗೆ ಬರೆದದ್ದನ್ನು ಅಮ್ಮ ನನಗೆ ಓದಿ ಹೇಳಿದರು, ಪೂರ್ತಿ. ಆಮೇಲೆ ನಿಮಗೆ ಉತ್ತರ ಬರೆದಿಲ್ಲ, ಅಲ್ವಾ? ಬರೆಯಲ್ಲ. ನನ್ನ ಹತ್ತಿರಾನೂ ಮಾತು ಅಷ್ಟಕ್ಕಷ್ಟೆ.

ಅಮ್ಮ ನನ್ನನ್ನು ಮುಟ್ಟಲ್ಲ ಚಿಕ್ಕಮ್ಮ. ಸೋಫಾದ ಆ ತುದೀಲಿ ಕೂತು, ಕೈ ಎರಡೂ ಶಾಲಿನೊಳಗೆ ಇಟ್ಕೊಂಡಿರ್ತಾರೆ. ಅಡುಗೆ ಮಾಡಲ್ಲ. ತೇಜಸ ಮಾಡಿದ್ದನ್ನ ತಟ್ಟೆಗೆ ಹಾಕಿ ಸ್ಪೂನ್ ಇಟ್ಟು ದೂರ ಹೋಗ್ತಾರೆ. ನಿನ್ನೆ ಮಧ್ಯಾಹ್ನ ಸ್ನಾನ ಆದ್ಮೇಲೆ "ತಲೆ ಬಾಚಮ್ಮ" ಅಂದ್ರೆ, "ತೇಜಸ ಬರಲಿ" ಅಂದರು. ತೇಜಸನಿಗೆ ಜಡೆ ಹಾಕಕ್ಕೆ ಬರುತ್ತಾ? ಮುಂದಿನ ವಾರ ಪರ್ತ್‌ಗೆ ಟಿಕೆಟ್ ಮಾಡ್ಸು ಅಂತಿದಾರೆ.

ಆಸ್ಪತ್ರೇಲಿ ಅಮ್ಮ ನೀರಲ್ಲಿ ಕಲಸಿ ಕೊಡ್ತಿದ್ದದ್ದು ಯಾವ ಪುಡಿ ಅಂತ ನನಗೂ ಗೊತ್ತಿತ್ತು. ಆ ರುಚಿ ನನಗೆ ಚಿಕ್ಕಂದಿನಿಂದ ಗೊತ್ತು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಅಮ್ಮ ಕೊಟ್ರೆ ವಾಸಿಯಾಗುತ್ತೆ ಅನ್ಸಿತು ಅಷ್ಟೆ. ಇದನ್ನ ಹೇಳಿದ್ರೆ, "ನನ್ನನ್ನ ಸಮಾಧಾನ ಮಾಡಬೇಡ" ಅಂತ ಎದ್ದು ಹೋದರು.

ಲ್ಯಾಬಿನವರನ್ನ ಕೇಳ್ತಿದೀನಿ. ಅಮ್ಮ ಕೈಯಲ್ಲಿ ಕಲಸಿ ತುತ್ತು ಹಾಕಿದರೆ ನನಗೆ ಏನಾದ್ರೂ ಆಗುತ್ತಾ?

ಭಾವನಾ


ಫೋರ್ಟಿಟ್ಯೂಡ್ ವ್ಯಾಲಿ
28 ಜುಲೈ 2025

ಭಾವನಾ,

ಕೊಳವೆ ಇಲ್ಲ, ಗಾಯ ಒಣಗಿದೆ, ಮನೆಯಲ್ಲಿ ಪುಡಿ ಇಲ್ಲ. ನಿನ್ನ ಡಾಕ್ಟರು ಅನ್ನ ತಿನ್ನಬಹುದು ಎಂದಿದ್ದರೆ, ಸೋಪಿನಲ್ಲಿ ತೊಳೆದ ಕೈಯಿಂದ ತಿನ್ನಬಹುದು. ಏನೂ ಆಗುವುದಿಲ್ಲ. ಇದು ಲ್ಯಾಬಿನವಳ ಉತ್ತರ.

ಚಿಕ್ಕಮ್ಮನ ಉತ್ತರ: ಹೊಟ್ಟೆ ಹಸಿದಿರುವಾಗ ಕೇಳು. ಹಸಿದಿದ್ದೀನಿ ಅಂದರೆ ಅವಳು ಇಲ್ಲ ಎನ್ನಲಾರಳು.

ಗೌರಿ


ಕಿಲ್ಬರ್ನ್
3 ಆಗಸ್ಟ್ 2025

ಗೌರಿ,

ನಿನಗೂ ನಿನ್ನ ಮಗಳಿಗೂ ಏನೋ ಮಾತಾಗಿದೆ ಎಂದು ನನಗೆ ಗೊತ್ತು. ನಿನ್ನ ಮಗಳೇ ಅವಳು, ನನ್ನ ಹೊಟ್ಟೆಯಲ್ಲಿ ಹುಟ್ಟಿದರೂ ಬುದ್ಧಿಯೆಲ್ಲ ನಿನ್ನದೇ.

ನಿನ್ನೆ ಬೆಳಿಗ್ಗೆಯಿಂದ ಅವಳು ಏನೂ ಮುಟ್ಟಲಿಲ್ಲ. ತೇಜಸ ಇಡ್ಲಿ ಮಾಡಿದ, ಬೇಡ ಅಂದಳು. ಮಧ್ಯಾಹ್ನ ಅನ್ನ ತಿಳಿಸಾರು ಮಾಡಿದ, ತಟ್ಟೆ ಮುಂದಿಟ್ಟುಕೊಂಡು ಸ್ಪೂನ್ ಪಕ್ಕಕ್ಕೆ ತಳ್ಳಿದಳು. "ಯಾಕೇ?" ಅಂದೆ. "ಹಸಿವಾಗ್ತಿದೆ ಅಮ್ಮ. ಕಲಸಿ ಕೊಡು" ಅಂದಳು. ನಾನು ಆಗಲ್ಲ ಅಂದೆ. "ಹಾಗಾದ್ರೆ ನಂಗೆ ಊಟ ಬೇಡ" ಎಂದು ಬಾಯಿ ತೆರೆದುಕೊಂಡು ಕೂತಳು, ಮೂರು ವರ್ಷದ ಮಗುವಿನ ಥರ. ಮೂವತ್ತೊಂದು ತುಂಬಿದೆ, ಮಾನ ಮರ್ಯಾದೆ ಇಲ್ಲ. ತೇಜಸ ಅದನ್ನು ನೋಡಿ ಹಾಲು ತರುತ್ತೇನೆ ಎಂದು ಪೆಟ್ರೋಲ್ ಬಂಕಿನ ಅಂಗಡಿಗೆ ಹೊರಟುಹೋದ. ಫ್ರಿಜ್‌ನಲ್ಲಿ ಎರಡು ಕ್ಯಾನ್ ಹಾಲಿತ್ತು.

ಸಿಂಕಿನ ಮುಂದೆ ನಿಂತೆ. ಒಂದು ಸಲ ತೊಳೆದೆ. ಉಗುರಿನ ಸಂದಿ ಉಜ್ಜಿದೆ. ಬಳೆ ತೆಗೆದು ಮತ್ತೆ ತೊಳೆದೆ. ಎಷ್ಟು ತೊಳೆದರೂ ನನ್ನ ಕಣ್ಣಿಗೆ ಬೆರಳ ತುದಿಯಲ್ಲಿ ಬಿಳಿ ಪುಡಿಯೇ ಕಾಣುತ್ತಿತ್ತು. ನೀನು ಬರೆದಿದ್ದೆಯಲ್ಲ, ಮನಸ್ಸಿನಲ್ಲಿದ್ದದ್ದೇ ಕಣ್ಣಿಗೆ ಕಾಣುತ್ತದೆ ಎಂದು. "ಅಮ್ಮಾ, ಚರ್ಮ ಕಿತ್ತು ಬರುತ್ತೆ, ಸಾಕು ಬಾ" ಎಂದು ಅವಳು ಕೂಗಿದಳು.

ಬಂದು ಕಲಸಿದೆ. ತುಪ್ಪ ಒಂದು ಚೂರು. ಮೊದಲ ತುತ್ತು ಅರ್ಧ ತಟ್ಟೆಗೇ ಬಿತ್ತು. ಉಳಿದರ್ಧ ಬಾಯಿಗಿಟ್ಟಾಗ ಬೇಕೆಂದೇ ನನ್ನ ಬೆರಳು ಕಚ್ಚಿದಳು, ಚಿಕ್ಕವಳಿದ್ದಾಗ ಕಚ್ಚುತ್ತಿದ್ದಳಲ್ಲ ಹಾಗೆ. "ಅಯ್ಯೋ ಮುಂಡೇದೇ" ಎಂದು ಬೈದೆ. ನಕ್ಕಳು. ನಾನು ಅತ್ತೆ. ಅಳುತ್ತಲೇ ತಟ್ಟೆ ಖಾಲಿ ಮಾಡಿಸಿದೆ. ಆಮೇಲೆ ತಲೆ ಬಾಚಿ ಎರಡು ಜಡೆ ಹಾಕಿದೆ, ಅದಕ್ಕೂ ಬೈದುಕೊಂಡೇ. ಕೂದಲು ಎಷ್ಟು ಉದುರಿದೆ ಗೊತ್ತೇ?

ರಾತ್ರಿ ಹೊಟ್ಟೆ ಕೆಟ್ಟೀತೆಂದು ನಾಲ್ಕು ಸಲ ಎದ್ದು ನೋಡಿದೆ. ಹಾಯಾಗಿ ಮಲಗಿದ್ದಳು.

ಟಿಕೆಟ್ ಮುಂದಕ್ಕೆ ಹಾಕಿದ್ದೇನೆ. ನಿನ್ನ ಭಾವ ಇನ್ನೂ ಸ್ವಲ್ಪ ದಿನ ಮಾಲ್ ಸುತ್ತಲಿ. ಸೂಟ್‌ಕೇಸಿನಲ್ಲಿ ಔಷಧಿ ಇದೆ, ಸುಳ್ಳು ಹೇಳುವುದಿಲ್ಲ. ಜ್ವರದ ಮಾತ್ರೆ, ನೋವಿನ ಮುಲಾಮು, ಲವಂಗದ ಎಣ್ಣೆ. ಪುಡಿ ಇಲ್ಲ. ಯಾರಾದರೂ ತೆಗೆದು ನೋಡಿ ನಗುವುದಿದ್ದರೆ ನಗಲಿ.

ಬರೆದು ಬರೆದು ಬೆರಳು ನೋಯುತ್ತಿದೆ, ಕಚ್ಚಿದ ಬೆರಳು ಬೇರೆ. ಮುಂದಿನ ಭಾನುವಾರ ಫೋನ್ ಮಾಡು. ಎತ್ತುತ್ತೇನೆ. ಜಗಳ ಆದರೆ ಆಗಲಿ.

ನಿನ್ನ ಅಕ್ಕ